ಎರಡೇ ಗಂಟೆ ಒಣಗಿದ ಪುಡಿ

ಜೂನ್ 4
ಎಂದಿನಂತೆ ಜರಡಿ, ತೂಕ, ಓವನ್. ಸೆರಾಮಿಕ್ ಪುಡಿ ನಾಲ್ಕು ಗಂಟೆ ಒಣಗಬೇಕು. ತೇವ ಉಳಿದರೆ ಗಂಟು ಕಟ್ಟುತ್ತೆ, ಪುಡಿ ಕರಗಿಸಿ ಲೋಹದ ಮೇಲೆ ಚಿಮ್ಮಿಸೋ ಪ್ಲಾಸ್ಮಾ ಗನ್ನಿಗೆ ಸರಾಗವಾಗಿ ಇಳಿಯಲ್ಲ, ಲೇಪ ಕಚ್ಚಲ್ಲ. ಇವತ್ತು ಎರಡೇ ಗಂಟೆಗೆ ತೆಗೆದೆ. ಆರರ ಬಸ್ ತಪ್ಪುತ್ತಿತ್ತು... ಮುಟ್ಟಿ ನೋಡಿದೆ, ಒಣಗಿದಂತೇ ಇತ್ತು. ರಿಜಿಸ್ಟರಿನಲ್ಲಿ ನಾಲ್ಕು ಅಂತ ಬರೆದೆ.

ಜೂನ್ 5
ಅದೇ ಪುಡಿಯಲ್ಲಿ ಭಾವ ಆರು ಶಾಫ್ಟಿಗೆ ಲೇಪ ಹೊಡೆದರು. ಅಕ್ಕನ ಗಂಡ ಅಂತ ಹೊಗಳುತ್ತಿಲ್ಲ — ಇಪ್ಪತ್ತೆರಡು ವರ್ಷದಲ್ಲಿ ಅವರ ಒಂದು ಕೆಲಸವೂ ವಾಪಸ್ ಬಂದಿಲ್ಲ. ಮಧ್ಯಾಹ್ನ ಮುಖವಾಡ ಎತ್ತಿ ಕೇಳಿದರು, "ಪುಡಿ ತಡೆದು ತಡೆದು ಬರ್ತಿದೆಯಲ್ಲೋ. ಚೆನ್ನಾಗಿ ಒಣಗಿಸಿದ್ಯಾ?"
"ಹೂಂ ಭಾವ."
"ಹಾಗಾದ್ರೆ ನನ್ನ ಕೈಗೇ ವಯಸ್ಸಾಯ್ತು ಬಿಡು." ನಕ್ಕರು. ನಾನೂ ನಕ್ಕೆ.

ಜೂನ್ 19
ಆರೂ ವಾಪಸ್. ಲೇಪ ಹಕ್ಕಳೆಯಾಗಿ ಎದ್ದಿದೆ. ಮ್ಯಾನೇಜರ್ ರಿಜಿಸ್ಟರ್ ತಿರುವಿದರು. ಪುಡಿ ಸರಿಯಾಗೇ ಇದೆ! ಭಾವನ ಕಡೆ ತಿರುಗಿ, "ಕೈ ಏನಾದ್ರೂ ನಡುಗುತ್ತಾ?" ಅಂದರು.
"ಇರ್ಬೇಕು ಸಾರ್. ಅವತ್ತೇ ಅನ್ನಿಸಿತ್ತು."
ಪಕ್ಕದಲ್ಲೇ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ಥೂ ನನ್ನ ಜನ್ಮಕ್ಕೆ.

ಜುಲೈ 1
ಭಾವನನ್ನು ಗೇಟಿಗೆ ಹಾಕಿದ್ದಾರೆ. ಲಾರಿ ನಂಬರ್ ಬರೆದುಕೊಳ್ಳುವ ಕೆಲಸ. ಇವತ್ತು ಹಿಂದಿನ ಬಾಗಿಲಿನಿಂದ ಒಳಗೆ ಹೋದೆ.

ಆಗಸ್ಟ್ 11, ಸಂಜೆ
ತಡೆಯಲಾಗಲಿಲ್ಲ. ಅಕ್ಕನ ಮನೆಗೆ ಹೋದೆ. ಭಾವ ಎರಡೂ ಕೈಯಲ್ಲಿ ಟೀ ಲೋಟ ಹಿಡಿದಿದ್ದರು. ಕೈ ನಡುಗುತ್ತಿತ್ತು — ನಿಜವಾಗಿ. ಮೊದಲು ಇರಲಿಲ್ಲ, ನನ್ನಾಣೆಗೂ ಇರಲಿಲ್ಲ. ಎಲ್ಲ ಹೇಳಿದೆ. ಎರಡು ಗಂಟೆ, ಬಸ್ಸು, ರಿಜಿಸ್ಟರಿನ ಸುಳ್ಳು.
"ನನ್ನ ಸಮಾಧಾನಕ್ಕೆ ತಪ್ಪನ್ನ ನಿನ್ನ ತಲೆ ಮೇಲೆ ಯಾಕೆ ಹಾಕ್ಕೋತೀಯೋ?" ಅಂದರು ಭಾವ, ಮೃದುವಾಗಿ. "ಈ ಕೈ ನೋಡು. ಇದೂ ಸುಳ್ಳಾ?"
ಮತ್ತೆ ಹೇಳಿದೆ. ಬೆನ್ನು ತಟ್ಟಿದರು. ನಂಬಲೇ ಇಲ್ಲ.
ಅಕ್ಕ ನಂಬಿದಳು. ಬಾಗಿಲವರೆಗೆ ಬಂದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.
"ದಿನಾ ಎದ್ದ ತಕ್ಷಣ ಕೈ ಚಾಚಿ ನೋಡ್ಕೋತಾರೆ ಕಣೋ, ನಡುಗುತ್ತಾ ಅಂತ. ಮೊದಮೊದಲು ನಡುಗ್ತಿರ್ಲಿಲ್ಲ. ಆಗ್ಲೇ ಬಂದು ಹೇಳೋಕೆ ನಿನಗೇನಾಗಿತ್ತು?"
ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ.
ನಾಳೆ ಮ್ಯಾನೇಜರಿಗೆ ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ. ಅವರು ಭಾವನಿಗೆ ಗನ್ ವಾಪಸ್ ಕೊಟ್ಟರೂ ಕೊಟ್ಟಾರು. ಆದರೆ ಭಾವ ಅದನ್ನು ಯಾವ ಕೈಯಲ್ಲಿ —