ಏಳನೇ ಇಲಿಯ ಅರ್ಧ ನಿಮಿಷ

ನವೆಂಬರ್ ೧೯, ಮಂಗಳವಾರ

ಏಳನೇ ಇಲಿ ತಲೆಯಿಂದ ಹೋಗುತ್ತಿಲ್ಲ.

ಹತ್ತು ದಿನದಲ್ಲಿ ಲ್ಯಾಬಿನ ಮಿಕ್ಕ ಇಲಿಗಳೆಲ್ಲ ನೋವು ಮರೆಸುವ ಮಾರ್ಫಿನ್‌ಗೆ ಒಗ್ಗಿಹೋಗಿವೆ, ಅದೀಗ ಅವಕ್ಕೆ ನಾಟುವುದಿಲ್ಲ. ಬಿಸಿ ತಟ್ಟೆಯ ಮೇಲಿಟ್ಟರೆ ಎಂಟು ಸೆಕೆಂಡಿಗೇ ಉರಿ ತಾಳದೆ ಪಾದ ನೆಕ್ಕುತ್ತವೆ. ಏಳನೆಯದಕ್ಕೆ ಮಾತ್ರ ನರಕೋಶಕ್ಕೆ ಬಾಗಿಲಿನಂತಿರುವ ಸೆರೊಟೋನಿನ್ ಗ್ರಾಹಕವನ್ನು ಮುಚ್ಚುವ ಮದ್ದನ್ನೂ ಕೊಡುತ್ತಿದ್ದೇನೆ. ಆ ಬಾಗಿಲು ಮುಚ್ಚಿದ್ದರೆ ಮೈ ಮಾರ್ಫಿನ್‌ಗೆ ಒಗ್ಗುವುದಿಲ್ಲ ಎಂಬುದು ನಮ್ಮ ಊಹೆ.

ಇವತ್ತು ಹನ್ನೊಂದಕ್ಕೆ ಅದು ತಟ್ಟೆಯ ಮೇಲೆ ಪೂರ್ತಿ ಮೂವತ್ತು ಸೆಕೆಂಡು, ನನ್ನನ್ನೇ ನೋಡುತ್ತ, ಅಲುಗದೆ ನಿಂತಿತು. ಕೊನೆಗೆ ನಾನೇ ಎತ್ತಿಕೊಂಡೆ. ಆಮೇಲೆ ನೋಡಿದರೆ ಅದರ ಮಾರ್ಫಿನ್ ಸಿರಿಂಜು ತುಂಬಿದ ಹಾಗೇ ಟ್ರೇಯಲ್ಲಿತ್ತು. ಚುಚ್ಚುವುದನ್ನೇ ಮರೆತಿದ್ದೆ, ದಡ್ಡಿ. ಹಾಗಾದರೆ ಆ ನೋವು ಎಲ್ಲಿಗೆ ಹೋಯಿತು?

ಮನೆಗೆ ಬಂದಾಗ ಅಕ್ಕ ಎರಡೂ ಕಾಲನ್ನು ತಣ್ಣೀರಿನ ಬಕೆಟ್ಟಿನಲ್ಲಿಟ್ಟು ಕೂತಿದ್ದಳು. ಅವಳಿಗೆ ಮೂಳೆಯ ಕ್ಯಾನ್ಸರ್. ಅವಳಿಗೂ ಮಾರ್ಫಿನ್ನೇ; ವಾರವಾರ ಹೆಚ್ಚಿಸುತ್ತಾರೆ, ವಾರವಾರ ಸಾಲದಾಗುತ್ತದೆ.

"ಸೊಂಟದ ನೋವು ಇದ್ದಿದ್ದೇ ಬಿಡು," ಎಂದಳು. "ಹನ್ನೊಂದರ ಹೊತ್ತಿಗೆ ಸುಮ್ನೆ ಮಲಗಿದ್ದೆ ಕಣೇ. ಇದ್ದಕ್ಕಿದ್ದ ಹಾಗೆ ಕಾದ ಹೆಂಚಿನ ಮೇಲೆ ನಿಲ್ಸಿದ ಹಾಗೆ ಅಂಗಾಲು ಉರೀತು."

"ಎಷ್ಟು ಹೊತ್ತು?"

"ಅರ್ಧ ನಿಮಿಷ ಇರಬಹುದು. ಆಮೇಲೆ ಯಾರೋ ನನ್ನ ಎತ್ಕೊಂಡ ಹಾಗಾಯ್ತು."

ನಾಳೆ ಹನ್ನೊಂದಕ್ಕೆ ಮತ್ತೆ ಏಳನೆಯದರ ಸರದಿ. ಸಿರಿಂಜು ಮರೆಯಬಾರದು. ಮರೆತರೆ ಆ ಉರಿ ಮತ್ತೆ ಅಕ್ಕನ ಅಂಗಾಲಿಗೇ…