ಹೊಗೆ ಹಾಕದ ಕುದುರೆ

ಡಿಸೆಂಬರ್ 11

ಬೇಸಿಗೆ ಮೇವಿಗೆ ಆಂಡಿಸ್ ಹತ್ತಿ ಮೂರನೇ ದಿನ. ಗಂಡ ಕೆಳಗೇ ಉಳಿದ, ಮೇಲೆ ನಾನು, ಮಾವ ಇಬ್ಬರೇ. ಮೇಕೆಗಳ ಹಿಂದೆ ಮಾವ ಆಚೆ ಕಣಿವೆಗೆ ಹೋಗಿದ್ದರು. ಹೊಸ ಕುದುರೆ ಮೋರಾಗೆ ಹೊಗೆ ಹಾಕುವ ಕೆಲಸ ನನಗೆ ಬಿತ್ತು. ಬಯಲಿನಿಂದ ಬಂದ ಪ್ರಾಣಿಗೆ ಹುವೆಕು ಹುಲ್ಲು ವಿಷವೆಂದು ಗೊತ್ತಿರುವುದಿಲ್ಲ. ಅದನ್ನು ಸುಟ್ಟು, ಮೂತಿಯನ್ನು ಹೊಗೆಗೆ ಹಿಡಿದು, ಕೆಮ್ಮುವ ತನಕ ಬಿಡಬಾರದು. ಆಮೇಲೆ ಅದೇ ಹುಲ್ಲನ್ನು ವಸಡಿಗೆ ತಿಕ್ಕಬೇಕು. ಜನ್ಮದಲ್ಲಿ ಮತ್ತೆ ಮುಟ್ಟುವುದಿಲ್ಲ.

ಹುಲ್ಲು ಕಿತ್ತು ತಂದೆ. ಮೋರಾ ನನ್ನ ಹೆಗಲ ಮೇಲೆ ತಲೆಯಿಟ್ಟು ನಿಂತಳು. ದಣಿದಿದ್ದಳು ಪಾಪ... ಮನಸ್ಸು ಬರಲಿಲ್ಲ. ನಾಳೆ ಹಾಕಿದರಾಯಿತು. ಸಂಜೆ ಮಾವ ಕೇಳಿದರು. ಆಯಿತು ಅಂದೆ. ಯಾಕೆ ಹಾಗಂದೆನೋ.

ಡಿಸೆಂಬರ್ 12

ಮಾವ ದಿನವಿಡೀ ಗುಡಿಸಲಲ್ಲೇ. ಅವರೆದುರು ಹೊಗೆ ಹಾಕಿದರೆ ನಿನ್ನೆಯ ಸುಳ್ಳು ಬಯಲಾಗುತ್ತದೆ. ಸುಮ್ಮನಿದ್ದೆ.

ಡಿಸೆಂಬರ್ 16, ಮಧ್ಯಾಹ್ನ

ಮಳೆಯಿಲ್ಲ. ಉಳಿದದ್ದೆಲ್ಲ ಒಣಗಿದೆ, ಹುವೆಕು ಮಾತ್ರ ಹಸಿರು. ಹೋದ ವರ್ಷ ಸಂಶೋಧನೆಗೆ ಬಂದಿದ್ದ ಹುಡುಗಿ ವಿವರಿಸಿದ್ದಳು — ವಿಷ ಹುಲ್ಲಿನದಲ್ಲ, ಒಳಗೆ ನೂಲಿನೆಳೆಯಂತೆ ಬೆಳೆಯುವ ಶಿಲೀಂಧ್ರದ್ದು. ಕಣ್ಣಿಗೆ ಕಾಣದು. ಬೀಜದಲ್ಲೇ ಮುಂದಿನ ಪೀಳಿಗೆಗೆ ಹೋಗುತ್ತದೆ. ಹುಲ್ಲು ಅದಕ್ಕೆ ಮನೆ, ಊಟ ಕೊಡುತ್ತದೆ. ಅದು ಬಾಯಿ ಹಾಕಿದವರಿಂದ ಹುಲ್ಲನ್ನು ಕಾಯುತ್ತದೆ, ಬರದಲ್ಲೂ ಬಾಡಲು ಬಿಡುವುದಿಲ್ಲ.

ಮಾವ ಆಗ ಹೇಳಿದ್ದರು, “ಮನೆ ಅಳಿಯನಿಗಿಂತ ವಾಸಿ ಬಿಡಮ್ಮ. ಉಂಡಿದ್ದಕ್ಕೆ ಕೆಲಸನಾದ್ರೂ ಮಾಡತ್ತೆ.” ಎಷ್ಟು ನಕ್ಕಿದ್ದೆವು.

ಇವತ್ತು ತೊರೆಯ ಹತ್ತಿರ ಮೂರು ಹುವೆಕು ಬುಡಗಳು ನೆಲಮಟ್ಟ ಮೇಯ್ದು ಹೋಗಿವೆ. ಮೇಕೆಗಳು ಆ ಕಡೆ ಬಂದಿಲ್ಲ. ಮೋರಾಳೇ. ನಿಂತಾಗ ಚೆನ್ನಾಗಿಯೇ ಕಾಣುತ್ತಾಳೆ. ಈ ವಿಷದ ನಡುಕ ದಣಿಸಿದರೆ ಮಾತ್ರ ಹೊರಬೀಳುವುದು. ಓಡಿಸಿ ನೋಡಲು ಭಯ. ರಾತ್ರಿ ಊಟಕ್ಕೆ ಮೊದಲು ಮಾವನಿಗೆ ಹೇಳಲೇಬೇಕು.

ಡಿಸೆಂಬರ್ 17, ಬೆಳಿಗ್ಗೆ ಏಳು

ಹೇಳಲಿಲ್ಲ. ಎದ್ದಾಗ ಮಾವನೂ ಇಲ್ಲ, ಮೋರಾಳೂ ಇಲ್ಲ. ಅವರ ಕುದುರೆ ಕಾಲು ನೋವಾಗಿ ಇಲ್ಲೇ ನಿಂತಿದೆ, ಅದಕ್ಕೇ ಮೋರಾಳನ್ನು ಏರಿ ಹೋಗಿದ್ದಾರೆ. ತಪ್ಪಿಸಿಕೊಂಡ ಮೇಕೆಗಳನ್ನು ಹುಡುಕಬೇಕು ಅನ್ನುತ್ತಿದ್ದರು. ಅಂದರೆ ಪ್ರಪಾತದ ಅಂಚಿನ ದಾರಿ.

ಹೊರಟೆ. ನಡೆದೇ —

ಡಿಸೆಂಬರ್ 21

ಮಾವನ ಕಾಲು ಎರಡು ಕಡೆ ಮುರಿದಿದೆ. ಏರಿನಲ್ಲಿ ಮೋರಾ ಗಡಗಡ ನಡುಗಿ ಅವರ ಸಮೇತ ಬಿದ್ದಳಂತೆ. ನಾನು ತಲುಪುವಷ್ಟರಲ್ಲಿ ಅವಳ ಜೀವ ಹೋಗಿತ್ತು. ಮಾವ ಅವಳ ಕತ್ತಿಗೆ ಒರಗಿ ಕೂತಿದ್ದರು. ನನ್ನನ್ನು ಏನೂ ಕೇಳಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸುದ್ದಿ ತಲುಪಿ ನನ್ನ ಗಂಡ ಅನ್ಸೆಲ್ಮೊ ಇವತ್ತು ಕೆಳಗಿನಿಂದ ಬಂದ. ಬೂಟು ಕೂಡ ಬಿಚ್ಚದೆ ನನ್ನ ಕಡೆ ತಿರುಗಿದ.

“ಹೊಗೆ ಹಾಕಿದ್ಯೇನೇ?”

ಮಾವ ಮಲಗಿದ್ದಲ್ಲಿಂದಲೇ ಹೇಳಿದರು.

“ಹಾಕಿದ್ಲು ಕಣೋ. ನಾನೇ ಪಕ್ಕದಲ್ಲಿ ನಿಂತು ನೋಡಿದೀನಿ. ಕೆಲವು ಕುದುರೆಗೆ ಎಷ್ಟು ಹಾಕಿದ್ರೂ ಬುದ್ಧಿ ಬರಲ್ಲ. ಇವಳನ್ನ ಏನೂ ಅನ್ಬೇಡ.”

ಅನ್ಸೆಲ್ಮೊ ತಲೆಯಾಡಿಸಿ ನೀರು ತರಲು ಹೋದ. ಮಾವ ಕಣ್ಣು ಮುಚ್ಚಿದ್ದಾರೆ. ನಿದ್ದೆಯಿಲ್ಲ, ಗೊತ್ತು. ಅರವತ್ತು ವರ್ಷ ಕುದುರೆಯ ಮೇಲೆ ಬದುಕಿದವರು, ಇನ್ನು ಹತ್ತುವುದು ಅನುಮಾನ. ನನಗಾಗಿ ಮಗನ ಮುಖಕ್ಕೇ ಸುಳ್ಳು ಹೇಳಿದರು. ಇದನ್ನು ಇಟ್ಟುಕೊಂಡು ನಾನು ಬಾಳಲಾರೆ.

ಕೊಡ ಇಳಿಸಿದ ಸದ್ದು. ಬಂದ. ಈಗಲೇ ಹೇಳಿಬಿಡಬೇಕು —