ಕಾರ್ಡಿನ ಕೊನೆಯ ಸಾಲು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಫೋನ್ ಮಾಡಿದರೆ ನೀನು ಸಕ್ಕರೆ ಎಷ್ಟು, ಬಿಪಿ ಎಷ್ಟು ಎಂದೇ ಶುರು ಮಾಡುತ್ತೀಯ. ನನ್ನ ಮಾತಿನ ಸರದಿ ಬರುವುದೇ ಇಲ್ಲ. ಅದಕ್ಕೇ ಕಾಗದ ಹಿಡಿದೆ. ಕಾಗದ ನಡುವೆ ಬಾಯಿ ಹಾಕುವುದಿಲ್ಲ.

ಹೋದ ತಿಂಗಳು ನೀನು ಬಂದಾಗ ನಿಮ್ಮ ಕ್ಲಿನಿಕ್ಕಿನ ಹಸಿರು ಕಾರ್ಡೊಂದನ್ನು ನನ್ನ ಹೆಸರಿನಲ್ಲಿ ತುಂಬಿ ಫ್ರಿಜ್ಜಿಗೆ ಅಂಟಿಸಿ ಹೋದೆ. ಮೂರು ನಾಲ್ಕು ಕಾಯಿಲೆ ಒಟ್ಟಿಗೆ ಇರುವವರನ್ನು ಕೂರಿಸಿಕೊಂಡು, ನಿಮಗೆ ಏನು ಮಾಡಲು ಆಗಬೇಕು ಎಂದು ಕೇಳಿ, ಅವರು ಹೇಳಿದಂತೆಯೇ ಬರೆದುಕೊಳ್ಳುವುದು ನಿನ್ನ ಕೆಲಸ. ಯಾರೋ ತಾತ ಮೀನು ಹಿಡಿಯಲು ಹೋಗಬೇಕು ಎಂದದ್ದನ್ನು ಹಾಗೇ ಬರೆದೆ ಎಂದು ನೀನು ನಕ್ಕಿದ್ದೆ. ನನಗೆ ಎಷ್ಟು ಹೆಮ್ಮೆಯಾಗಿತ್ತು! ನನ್ನ ಕಾರ್ಡಿನಲ್ಲಿ 'ರೋಗಿಯ ಮಾತಿನಲ್ಲಿ' ಎಂಬ ಕೊನೆಯ ಸಾಲಿನ ಮುಂದೆ, ಉಪ್ಪು ಕಡಿಮೆ, ಅರ್ಧ ಗಂಟೆ ನಡಿಗೆ, ಕಾಲಿನ ಊತ ಇಳಿಯಬೇಕು ಎಂದಿದೆ. ನೀನು ಅದನ್ನು ಬರೆಯುವಾಗ ನಾನು ಸ್ನಾನಕ್ಕೆ ಹೋಗಿದ್ದೆ, ಪುಟ್ಟಿ. ಬಾಯೇ ಬಿಟ್ಟಿರಲಿಲ್ಲ.

ಊತ ಇಳಿಯಲೆಂದು ನೀನು ಡಾಕ್ಟರಿಗೆ ಹೇಳಿ ನೀರಿನ ಮಾತ್ರೆ ಹೆಚ್ಚಿಸಿದೆ. ಈಗ ಬೈಯಬೇಡ, ಗುರುವಾರ ನಾನು ಆ ಮಾತ್ರೆ ನುಂಗುವುದಿಲ್ಲ. ನುಂಗಿದರೆ ಅರ್ಧ ಗಂಟೆಗೊಮ್ಮೆ ಮೂತ್ರಕ್ಕೆ ಏಳಬೇಕು. ಪ್ರತಿ ಗುರುವಾರ ನಾನು ಹೋಗುವ ನಿನ್ನ ಚಿಕ್ಕಮ್ಮನ ಊರಿಗೆ ಬಸ್ಸಿನಲ್ಲಿ ಎರಡು ಗಂಟೆ. ಒಮ್ಮೆ ಬಸ್ಸಿನಲ್ಲೇ ಬಟ್ಟೆ ಒದ್ದೆಯಾಯಿತು. ಇಳಿಯುವವರೆಗೂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಯಾರ ಹತ್ತಿರ ಹೇಳಲಿ? ನಿನಗೆ ಹೇಳಲು ಇನ್ನೂ ನಾಚಿಕೆ.

ಕಣ್ಣು ಹೋದ ಮೇಲೆ ನನ್ನ ತಂಗಿ ತಲೆ ಬಾಚಲು ಬೇರೆ ಯಾರನ್ನೂ ಬಿಡುವುದಿಲ್ಲ. ಬಾಚುವಷ್ಟು ಹೊತ್ತೂ ಜಗಳ. ಅಕ್ಕಾ, ನೀನು ಬರದಿದ್ರೆ ವಾರ ಮುಗಿಯೋದೇ ಇಲ್ಲ ಅಂತಾಳೆ. ಹೋದ ಗುರುವಾರ ಅವಳ ಮನೆಯ ಮೆಟ್ಟಿಲಲ್ಲಿ ನನಗೆ ಉಸಿರು ಕಟ್ಟಿತು. ತುಂಬಾ ಭಯವಾಯಿತು. ಹೀಗೇ ಮಾತ್ರೆ ಬಿಟ್ಟರೆ ನಡೆಯುವುದಿಲ್ಲ ಎಂದು ನನಗೂ ಗೊತ್ತು. ಸಾಯುವ ಆಸೆ ನನಗಿಲ್ಲ, ಗುರುವಾರವನ್ನು ಬಿಟ್ಟುಕೊಡುವ ಮನಸ್ಸೂ ಇಲ್ಲ. ಎರಡನ್ನೂ ಉಳಿಸುವ ದಾರಿ ನಿನಗೆ ಗೊತ್ತಿರಬಹುದು. ನಾನು ಹೇಳಲಿಲ್ಲ, ನೀನು ಕೇಳಲಿಲ್ಲ.

ನಿನ್ನ ಮೇಲೆ ಕೋಪವಿತ್ತು. ಬರೆಯುತ್ತಾ ಇಳಿಯಿತು.

ನಿನ್ನ
ಅಮ್ಮ

ತಾ.ಕ.: ಬುಧವಾರಕ್ಕೆ ನಿಮ್ಮ ಕ್ಲಿನಿಕ್ಕಿನಲ್ಲಿ ಹೆಸರು ಬರೆಸಿದ್ದೇನೆ. ಹನ್ನೊಂದನೇ ಟೋಕನ್. ಯಾರ ತಾಯಿ ಎಂದು ಹೇಳಿಲ್ಲ, ನನ್ನ ಸರದಿ ಮುಂದೆ ತರಬೇಡ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಬೇರೆಯವರನ್ನು ಕೇಳುವಂತೆಯೇ ನನ್ನನ್ನೂ ಕೇಳು. ಹಳೆಯ ಕಾರ್ಡಿನ ಕೊನೆಯ ಸಾಲು ಅಳಿಸಲು ರಬ್ಬರ್ ಹಿಡಿದೆ. ನಿನ್ನ ಅಕ್ಷರ ನೋಡಿ ಕೈ ಬರಲಿಲ್ಲ. ಹೊಸದೊಂದು ತೆಗೆದಿಡು.